ಓ ಎಂದ ಫೋನುಗಳು

ಕೂಗಿದರೆ ಓ ಎನ್ನಬೇಕು. ಲೋಕ ನೆಟ್ಟಗಿದೆಯೋ ಇಲ್ಲವೋ ತಿಳಿಯಲು ಇಷ್ಟು ಸಾಕು ಎಂದು ಕಂಡುಹಿಡಿಯಲು ಭಾರೀ ಬುದ್ಧಿಯೇನೂ ಬೇಡ, ಮನೆಯಲ್ಲಿ ಮಕ್ಕಳನ್ನು ಸಾಕಿದ ಎಲ್ಲರಿಗೂ ಅದು ಗೊತ್ತು. ಒಳಕೋಣೆಯಲ್ಲಿ ಆಡುವ ಮಗು ಬಹಳ ಹೊತ್ತು ಸದ್ದು ಮಾಡದಿದ್ದರೆ ತಾಯಿ ಅಡುಗೆಮನೆಯಿಂದಲೇ ಕೂಗುತ್ತಾಳೆ. ಓ ಎಂದರೆ ಒಗ್ಗರಣೆ ಮುಂದುವರಿಯುತ್ತದೆ. ಎನ್ನದಿದ್ದರೆ ಸೌಟು ಕೆಳಗಿಟ್ಟು ಓಡುತ್ತಾಳೆ.

ಗದಗಿನ ಹೊರವಲಯದಲ್ಲಿದ್ದ ಜಾಲನಿಗಾ ಕೇಂದ್ರ ಮಾಡುತ್ತಿದ್ದುದೂ ಇದೇ ಕೆಲಸ, ಆದರೆ ಇಡೀ ಭೂಮಿಗೆ. ಅಲ್ಲಿನ ಯಂತ್ರ ಇಂಟರ್ನೆಟ್ಟಿಗೆ ಅಂಟಿಕೊಂಡ ಪ್ರತಿಯೊಂದು ಪೆಟ್ಟಿಗೆಯನ್ನೂ ಪ್ರತಿಯೊಂದು ಫೋನನ್ನೂ ಕೆಲವು ನಿಮಿಷಗಳಿಗೊಮ್ಮೆ ಕೇಳುತ್ತಿತ್ತು: ಇದ್ದೀಯಾ? ಆ ಕಡೆಯಿಂದ ಅಷ್ಟೇ ಪುಟ್ಟ ಉತ್ತರ: ಇದ್ದೇನೆ. ಕೇಂದ್ರದವರು ಇವನ್ನು ಕೂಗು ಮತ್ತು ಓ ಎಂದೇ ಕರೆಯುತ್ತಿದ್ದರು. ಓ ಎಂದ ಜಾಗ ಗೋಡೆಯ ನಕ್ಷೆಯಲ್ಲಿ ಹಸಿರು ಚುಕ್ಕೆ, ಎನ್ನದ ಜಾಗ ಕಪ್ಪು.

ಒಂದು ಚುಕ್ಕೆ ಕಪ್ಪಾದರೆ ಯಾರೋ ಚಾರ್ಜಿಗೆ ಹಾಕಲು ಮರೆತಿದ್ದಾರೆ, ಅಷ್ಟೆ. ಊರಿಗೆ ಊರೇ ಕಪ್ಪಾದರೆ ಅದರ ಆಕಾರ ನೋಡಬೇಕು. ಪ್ರವಾಹದ ಮೌನ ತಗ್ಗಿನಿಂದ ಮೇಲಕ್ಕೆ ಏರುತ್ತದೆ. ಭೂಕಂಪದ ಮೌನ ನಡುವಿನಿಂದ ಸುತ್ತಲೂ ಹರಡುತ್ತದೆ. ಸೈನ್ಯ ಅಧಿಕಾರ ಕಸಿದುಕೊಳ್ಳುವ ರಾಜಧಾನಿಯಲ್ಲಿ ಮೊದಲು ಪತ್ರಿಕಾ ಕಚೇರಿಗಳ ಬೀದಿ ಕಪ್ಪಾಗುತ್ತದೆ. ದೂರದ ಒಂದು ದ್ವೀಪದಲ್ಲಿ ಬೆಟ್ಟ ಬೆಂಕಿ ಕಾರಿದಾಗ ಸುದ್ದಿ ಹೊರಬೀಳುವ ಮುನ್ನವೇ ರಕ್ಷಣಾ ಹಡಗುಗಳು ಹೊರಟಿದ್ದು ಗದಗಿನಿಂದ ಹೋದ ಎಚ್ಚರಿಕೆಯ ಮೇಲೆ. ಅಂದಿನಿಂದ ಎಲ್ಲರೂ ಈ ನಕ್ಷೆಯನ್ನು ನಂಬತೊಡಗಿದರು. ಅಗ್ನಿಶಾಮಕ ದಳ, ಆಸ್ಪತ್ರೆ, ಪೊಲೀಸರು, ಯಾರಿಗೇ ಆಗಲಿ ಜನರ ಬಾಯಿಮಾತಿಗಿಂತ ನಕ್ಷೆಯ ಮಾತೇ ದೊಡ್ಡದಾಯಿತು. ಅರ್ಧ ಕೇಡು ಅಲ್ಲಿಂದಲೇ ಶುರುವಾಯಿತು ಎಂದು ನನ್ನ ಅಭಿಪ್ರಾಯ.

ಉಳಿದರ್ಧ ಪರದೆಯದು. ಎಲ್ಲ ಮೌನವೂ ಆಪತ್ತಲ್ಲವಲ್ಲ. ಕೆಲವನ್ನು ಸರ್ಕಾರಗಳೇ ಆಜ್ಞೆ ಮಾಡಿ ತರುತ್ತವೆ. ನಮ್ಮಲ್ಲಿ ಅದು ಹೆಚ್ಚಾಗಿ ಪರೀಕ್ಷೆಗಾಗಿ. ಹಲ್ಲಿನೊಳಗೆ ಕೂರುವ ರಿಸೀವರು, ಕಣ್ಣಿಗೆ ಅಂಟಿಸಿಕೊಳ್ಳುವ ಕ್ಯಾಮೆರಾ ಬಂದ ಮೇಲೆ, ನೌಕರಿಯ ಪರೀಕ್ಷೆ ನಡೆಸಬೇಕಾದರೆ ಪರೀಕ್ಷಾ ಕೇಂದ್ರವಿರುವ ತಾಲ್ಲೂಕುಗಳ ಜಾಲವನ್ನೇ ಮುಚ್ಚಬೇಕು ಎಂದು ನೇಮಕಾತಿ ಮಂಡಳಿ ತೀರ್ಮಾನಿಸಿತ್ತು. ಫೋನಿನ ಮಾತು, ಪೊಲೀಸರ ವೈರ್‌ಲೆಸ್ಸು, ಎಲ್ಲವೂ ಆಗಲೇ ಅದೇ ಜಾಲಕ್ಕೆ ಸೇರಿದ್ದರಿಂದ ಅವೂ ಬಂದ್. ಹಾಗೆ ಮುಚ್ಚಿದ ತಾಲ್ಲೂಕನ್ನು ಕಂಡು ಯಂತ್ರ ಸುಮ್ಮಸುಮ್ಮನೆ ಬೊಬ್ಬೆ ಹೊಡೆಯಬಾರದೆಂದು ನಕ್ಷೆಯಲ್ಲಿ ಅದರ ಮೇಲೆ ಬೂದು ಬಣ್ಣದ ಪರದೆ ಎಳೆಯುತ್ತಿದ್ದರು.

ಪರದೆ ಎತ್ತುವ ಅಧಿಕಾರ ಪಾಳಿಯ ಮುಖ್ಯಸ್ಥರಿಗಿತ್ತು. ಆದರೆ ಕೂಗು ಒಳಗೆ ಹೋಗಬೇಕಾದರೆ ಜಾಲ ತೆರೆಯಬೇಕು, ಜಾಲ ತೆರೆದರೆ ಪ್ರಶ್ನೆಗಳಿಗೆ ಉತ್ತರವೂ ಒಳಗೆ ಹೋಗಬಹುದು. ಹಾಗಾಗಿ ಒಂದೇ ಒಂದು ತಾಲ್ಲೂಕಿನಲ್ಲಿ ಪರದೆ ಎತ್ತಿದರೂ ಇಡೀ ರಾಜ್ಯದ ಪರೀಕ್ಷೆ ರದ್ದು. ಅದು ನಿಯಮ.

ಆ ಭಾನುವಾರ ಪಾಳಿಯ ಮುಖ್ಯಸ್ಥೆಯಾಗಿದ್ದವಳು ದ್ರಾಕ್ಷಾಯಣಿ. ಕಾಯಂ ಶಿಕ್ಷಕರ ಪರೀಕ್ಷೆ ಬರೆಯಲು ಅಂಥದೊಂದು ತಾಲ್ಲೂಕಾದ ಕೆರೆಮುಗಳಿಗೆ ಹೊರಟವಳು ಅವಳ ತಂಗಿ ಮಹಾನಂದಾ, ಮನೆಯವರಿಗೆ ನಂದಾ. ಸಂಬಂಧಿಕರು ಪರೀಕ್ಷೆ ಬರೆಯುವ ದಿನ ಪಾಳಿ ಬಿಟ್ಟುಕೊಡಬೇಕೆಂಬ ನಿಯಮ ಮಾಡಲು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

*

ಅಕ್ಕತಂಗಿಯರು ಬೆಟಗೇರಿಯ ಒಂದು ಬಾಡಿಗೆ ಮನೆಯಲ್ಲಿದ್ದರು. ದ್ರಾಕ್ಷಾಯಣಿ ಮದುವೆಯಾಗಿರಲಿಲ್ಲ. ನಂದಾ ಗಂಡನನ್ನು ಕಳೆದುಕೊಂಡ ಮೇಲೆ ಮಗಳು ಚಂದ್ರಿಯನ್ನು ಎತ್ತಿಕೊಂಡು ಅಕ್ಕನ ಮನೆಗೆ ಬಂದಿದ್ದಳು. ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಕಾಯಂ ಮಾಸ್ತರರಷ್ಟೇ ಪಾಠ, ಅದರಲ್ಲಿ ಕಾಲುಭಾಗ ಸಂಬಳ, ಬೇಸಿಗೆಯಲ್ಲಿ ಅದೂ ಇಲ್ಲ. ಈ ಮಾತನ್ನು ಯಾರು ಹುಟ್ಟುಹಾಕಿದರೋ, ಅವರ ಮನೆಗೆ ಹೋದ ಅತಿಥಿಗಳ ಗತಿ ನೆನೆದರೆ ಭಯವಾಗುತ್ತದೆ.

ಶನಿವಾರ ಸಂಜೆ ನಂದಾ ರೊಟ್ಟಿ ತಟ್ಟುತ್ತಿದ್ದಳು. ಐದು ವರ್ಷದ ಚಂದ್ರಿ ಪಡಸಾಲೆಯಲ್ಲಿ ಕೂತು ಬೇಕೆಂದಾಗಲೆಲ್ಲ "ಅವ್ವಾ" ಎಂದು ಕೂಗುವುದು, ನಂದಾ ಒಳಗಿನಿಂದ "ಓ" ಎಂದು ಉದ್ದಕ್ಕೆ ಎಳೆದು ಕೊನೆಯಲ್ಲಿ ಸ್ವಲ್ಪ ಮೇಲೇರಿಸುವುದು. ಕೂಗಿನ ಹಿಂದೆ ಕೆಲಸವೇನೂ ಇರುತ್ತಿರಲಿಲ್ಲ. ಅದೊಂದು ಆಟ.

"ನಿನ್ನ ಮಗಳು ನಮ್ಮ ಯಂತ್ರಕಿಂತಾ ಜೋರ ಅದಾಳ" ಎಂದಳು ದ್ರಾಕ್ಷಾಯಣಿ. "ಅದಾದ್ರ ನಾಕು ನಿಮಿಷಕ್ಕೊಮ್ಮೆ ಕೂಗತೈತಿ."

"ನನ್ನ ಫೋನಿಗೂ ಆಕಿ ದನೀನ ಹಾಕೇನಿ. ರಿಂಗ್ ಆದ್ರ 'ಅವ್ವಾ, ಓ ಅನ್ನು' ಅಂತೈತಿ. ಸಾಲ್ಯಾಗ ಎಲ್ಲಾರೂ ನಗತಾರ." ನಂದಾ ರೊಟ್ಟಿ ಮಗುಚಿದಳು. "ಅಕ್ಕಾ, ಈ ಸಲರ ಪರೀಕ್ಷಾ ನೆಟ್ಟಗ ಆಗತೈತಿಲ್ಲೋ?"

"ಆಗತೈತಿ. ನಾಳೆ ಪರದಾ ನನ್ನ ಕೈಯಾಗ ಐತಿ."

"ಹಂಗಾರ ಕೈ ಕಟಗೊಂಡು ಕುಂದ್ರು. ಮೊದಲನೇ ಸಲ ಯಾವನೋ ಹಲ್ಲಾಗ ಮಷೀನ ಇಟ್ಟು ಸಿಕ್ಕ, ರದ್ದಾತು. ಹೋದ ಸಲ ಯಾವನೋ ಓದಲಾರದಾಂವ ಬಾಂಬ್ ಐತಿ ಅಂತ ಸುಳ್ಳು ಫೋನ್ ಹಚ್ಚಿದ, ನಿಮ್ಮೋರು ಹೌಹಾರಿ ಪರದಾ ಎತ್ತಿದರು, ಮತ್ತ ರದ್ದು. ಎಷ್ಟು ಚಲೋ ಬರದಿದ್ದೆ ಗೊತ್ತೇನು? ಇದೊಂದು ತಪ್ಪಿತಂದ್ರ ನನ್ನ ವಯಸ್ಸ ಮುಗೀತು. ಮುಂದ ಸಾಯೂತನಕ ಅತಿಥಿನ."

"ಆಕಾಶ ಕಳಚಿ ಬಿದ್ರೂ ಎತ್ತಂಗಿಲ್ಲವಾ. ಸಾಕಿಲ್ಲೋ?"

ನಂದಾ ನಕ್ಕಳು. ದ್ರಾಕ್ಷಾಯಣಿಯೂ ನಕ್ಕಳು. ಮನೆಯವರು ಆಡುವ ಮಾತು, ಅದಕ್ಕೇನು ಕಾಗದದ ಮೇಲೆ ಸಹಿಯಿರುವುದಿಲ್ಲ. ಆದರೂ ಅದು ಮನಸ್ಸಿನಲ್ಲಿ ಕೂತುಬಿಟ್ಟಿತು.

ಮರುದಿನ ಬೆಳಿಗ್ಗೆ ಬಸ್ಸಿಗೆ ಹತ್ತಿಸುವಾಗ ನಂದಾ ಅಲ್ಲಿನ ಬಿಗಿಯನ್ನೆಲ್ಲ ವಿವರಿಸಿದಳು. ಫೋನುಗಳನ್ನು ಕಾಲೇಜಿನ ಮುಂದಿನ ಕೋಣೆಯಲ್ಲಿ ನಂಬರು ಬರೆದ ಬಟ್ಟೆಯ ಚೀಲದಲ್ಲಿಟ್ಟು ಬಿಲ್ಲೆ ತೆಗೆದುಕೊಳ್ಳಬೇಕು. ಆಮೇಲೆ ಪರೀಕ್ಷಾ ಕೋಣೆಗಳಿಗೆ ಹೊರಗಿನಿಂದ ಬೀಗ. "ಬೀಗಾ ಸುದ್ದಾ ಮಂಡಳಿಯವರು ಬೆಂಗಳೂರಿಂದನ ಹಾಕ್ತಾರಂತ, ಅಲ್ಲಿಂದನ ತಗೀತಾರಂತ. ಮೇಲ್ವಿಚಾರಕರ ಕೈಯಾಗ ಕೀಲಿ ಕೊಟ್ರ ಮಾರಕೊಂತಾರಂತ ಅನುಮಾನ." ಒಂದು ಗಂಟೆಗೆ ಜಾಲ ತೆರೆದಾಗ ಬೀಗಗಳೂ ತೆರೆಯುತ್ತವೆ. ಚಂದ್ರಿ ಬಸ್ಸಿನ ಕಿಟಕಿಗೆ "ಅವ್ವಾ" ಎಂದು ಕೂಗಿದಳು. ನಂದಾ ತಲೆ ಹೊರಹಾಕಿ ಓ ಎಂದಳು. ಬಸ್ಸು ಹೊರಟಿತು. ಚಂದ್ರಿಯನ್ನು ಪಕ್ಕದ ಮನೆಯ ಶಿವಗಂಗಮ್ಮನ ಹತ್ತಿರ ಬಿಟ್ಟು ದ್ರಾಕ್ಷಾಯಣಿ ಕೆಲಸಕ್ಕೆ ಹೋದಳು.

*

ಹತ್ತು ಗಂಟೆಗೆ ಕೆರೆಮುಗಳಿ ತಾಲ್ಲೂಕು ಬೂದಾಯಿತು. ಅದರ ಅಂಚು ತಾಲ್ಲೂಕಿನ ಗಡಿಗೆ ಸರಿಯಾಗಿ ಕತ್ತರಿಸಿದಂತಿತ್ತು. ರಾಜ್ಯದಾದ್ಯಂತ ಅಂಥ ಬೂದು ತೇಪೆಗಳು ಇನ್ನೂ ಹಲವು. ದ್ರಾಕ್ಷಾಯಣಿಯ ಕಣ್ಣು ಮಾತ್ರ ಒಂದರ ಮೇಲೇ ಇತ್ತು.

ಅವಳ ಜೊತೆ ಪಾಳಿಯಲ್ಲಿದ್ದವನು ರಿಯಾಜ್ ನದಾಫ್, ಅವಳಷ್ಟೇ ವರ್ಷ ಅಲ್ಲೇ ಸವೆದವನು. ಇಬ್ಬರಿಗೂ ಪರೀಕ್ಷೆಯ ದಿನದ ಒಂದು ವಾಡಿಕೆ ಚೆನ್ನಾಗಿ ಗೊತ್ತಿತ್ತು. ಮಕ್ಕಳನ್ನೋ ಹೆಂಡತಿಯನ್ನೋ ಒಳಗೆ ಬಿಟ್ಟ ಜನ ಸುಮ್ಮನೆ ಕೂರುವುದಿಲ್ಲ. ಫೋನಿಲ್ಲದೆ ಅವರಿಗೆ ಕೈಕಾಲು ಆಡುವುದಿಲ್ಲ. ಗಾಡಿ ಹತ್ತಿಯೋ ನಡೆದೋ ತಾಲ್ಲೂಕಿನ ಗಡಿಯವರೆಗೆ ಬರುತ್ತಾರೆ, ಗಡಿ ದಾಟಿದೊಡನೆ ಸಿಗ್ನಲ್ ಸಿಗುತ್ತದೆ. ಅಲ್ಲಿನ ಸೇತುವೆಗಳ ಕಟ್ಟೆಯ ಮೇಲೆ ಸಾಲಾಗಿ ಕೂತು ಮಾತಾಡುತ್ತಾರೆ, ಯಾರೋ ಚಹಾದ ಗಾಡಿಯನ್ನೂ ತಂದು ನಿಲ್ಲಿಸುತ್ತಾರೆ. ನಕ್ಷೆಯಲ್ಲಿ ಬೂದು ತೇಪೆಯ ಸುತ್ತ ಪ್ರತಿ ರಸ್ತೆಯ ತುದಿಗೂ ಹಸಿರು ಚುಕ್ಕೆಗಳು ಗುಂಪುಗೂಡುತ್ತವೆ. ಕೇಂದ್ರದವರು ತಮಾಷೆಗೆ ಅದನ್ನು ತೋರಣ ಎನ್ನುತ್ತಿದ್ದರು.

"ತೋರಣಾ ಪೂರಾ ಆಗಿಲ್ಲ, ನೋಡ್ರಿ" ಎಂದ ರಿಯಾಜ್. ಹನ್ನೊಂದು ದಾಟಿತ್ತು. "ಪಶ್ಚಿಮಕ್ಕ ಬಂದಾರ, ಉತ್ತರಕ್ಕ ಬಂದಾರ, ದಕ್ಷಿಣಕ್ಕೂ ಬಂದಾರ. ಪೂರ್ವದ ದಾರೀಗೆ ಒಬ್ಬಾಂವ ಇಲ್ಲ. ಕಾಲೇಜ ಇರೂದ ಆ ಕಡೆ. ಅಲ್ಲೇನ ಹೆಚ್ಚು ಮಂದಿ ಬರಬೇಕು."

"ರಸ್ತೆ ರಿಪೇರಿ ಇದ್ದೀತು."

"ಇದ್ರೂ ಇದ್ದೀತು."

ಗಡಿಯಾಚೆ ಪೂರ್ವಕ್ಕಿದ್ದ ಒಂದು ಹಳ್ಳಿ ಆಗಲೇ ಅರ್ಧ ಕಪ್ಪಾಗಿತ್ತು. ಯಂತ್ರವನ್ನು ಕೇಳಿದರೆ ಕರೆಂಟು ಹೋಗಿರಬಹುದು ಎಂದಿತು. ಪರದೆಯೊಳಗಿನದು ಕಾಣದ ಯಂತ್ರಕ್ಕೆ ಆ ಹಳ್ಳಿ ಒಂದು ಒಂಟಿ ಕಲೆ, ಆಕಾರವಿಲ್ಲದ್ದು. ಪರದೆ ಇಲ್ಲದಿದ್ದರೆ ಅದು ತಾಲ್ಲೂಕಿನೊಳಗಿನಿಂದ ಚಾಚಿಕೊಂಡು ಬಂದ ಮೌನದ ನಾಲಿಗೆಯ ತುದಿ ಎಂದು ಅದಕ್ಕೆ ಕ್ಷಣದಲ್ಲಿ ತಿಳಿಯುತ್ತಿತ್ತು.

ಕೆರೆಮುಗಳಿಯ ಪೂರ್ವಕ್ಕೆ ಅಮೋನಿಯಾ ಡಿಪೋ ಇತ್ತು. ಡೀಸೆಲ್ ಹೋಗಿ ರೈಲು, ಲಾರಿಗಳೆಲ್ಲ ಅಮೋನಿಯಾದಲ್ಲಿ ಓಡುವ ಕಾಲ ಅದು. ಹೊಗೆಯಿಲ್ಲ, ಇಂಗಾಲವಿಲ್ಲ ಎಂದು ಎಲ್ಲರೂ ಕೊಂಡಾಡಿದ ಇಂಧನ. ಸೋರಿದರೆ ಮಾತ್ರ ಕಣ್ಣು, ಗಂಟಲು, ಶ್ವಾಸಕೋಶ ಸುಡುತ್ತದೆ. ಸೋರಿದ ಕೂಡಲೇ ಹತ್ತಾರು ಕಡೆಗೆ ತಾನಾಗಿ ಸುದ್ದಿ ಮುಟ್ಟಿಸುವ ಉಪಕರಣವೂ ಅಲ್ಲಿತ್ತು. ಅದು ಸುದ್ದಿ ಮುಟ್ಟಿಸುತ್ತಿದ್ದುದು ಜಾಲದ ಮೂಲಕ.

ಪೊಲೀಸ್ ಕಂಟ್ರೋಲ್ ರೂಮಿನಿಂದ ಒಬ್ಬ ಹೆಂಗಸು ಫೋನ್ ಮಾಡಿದಳು.

"ಮೇಡಂ, ಕೆರೆಮುಗಳಿ ಪಶ್ಚಿಮದ ಗಡಿಯಿಂದ ಒಬ್ಬಾಂವ ಫೋನ್ ಹಚ್ಚಿದ್ದ. ಡಿಪೋದ ಕಡೆ ಬೆಳ್ಳಗ ಹೊಗಿ ಎದ್ದೈತಿ ಅಂತಾನ. ತಾ ಹತ್ರ ಹೋಗಿಲ್ಲ, ದೂರಿಂದ ನೋಡೇನಿ ಅಂತಾನ. ಹೋದ ಸಲ ಬಾಂಬಿನ ಫೋನೂ ಹಿಂಗ ಬಂದಿತ್ತು, ಅದಕ್ಕ ಕೇಳಾಕತ್ತೇವಿ. ನಿಮ್ಮ ನಕ್ಷಾ ಏನ್ ಅಂತೈತಿ?"

"ಅಲ್ಲೆ ಪರದಾ ಐತ್ರಿ. ಏನೂ ಕಾಣಂಗಿಲ್ಲ" ಎಂದಳು ದ್ರಾಕ್ಷಾಯಣಿ.

"ನೀವು ಆಪತ್ತ ಐತಿ ಅಂದ್ರ ಎಲ್ಲಾ ಗಾಡಿ ಹೊಂಡಸ್ತೇವಿ. ಇಲ್ಲಂದ್ರ ನಮಗೂ ಮ್ಯಾಲಿನವರು ಕೇಳ್ತಾರ್ರಿ."

"ಒಂದು ಜೀಪ ಕಳಿಸಿ ನೋಡಸ್ರಿ" ಎಂದಳು.

ಜೀಪು ಹೋಯಿತು. ಪಶ್ಚಿಮದ ಗಡಿಯಲ್ಲಿ ಅದರ ಹಸಿರು ಚುಕ್ಕೆ ಬೂದಿನೊಳಗೆ ಸೇರಿ ಮಾಯವಾಯಿತು. ಒಳಗೆ ಹೋದ ಮೇಲೆ ಅದಕ್ಕೂ ಜಾಲವಿಲ್ಲ. ಕಂಡದ್ದನ್ನು ಹೇಳಬೇಕಾದರೆ ಮರಳಿ ಗಡಿಗೆ ಬರಬೇಕು. ಇದು ಕೇಂದ್ರದಲ್ಲಿದ್ದ ಇಬ್ಬರಿಗೂ ಗೊತ್ತಿತ್ತು. ಆದರೂ ಏನೋ ಒಂದು ಮಾಡಿದೆವು ಎಂಬ ಸಮಾಧಾನ ದ್ರಾಕ್ಷಾಯಣಿಗೆ ಬೇಕಿತ್ತು.

ರಿಯಾಜ್ ಕಿಟಕಿಯ ಹತ್ತಿರ ನಿಂತಿದ್ದ. ದೂರದ ಗುಡ್ಡಸಾಲಿನ ಗಾಳಿಯಂತ್ರಗಳು ಪಶ್ಚಿಮಕ್ಕೆ ಮುಖ ಮಾಡಿ ರಭಸವಾಗಿ ತಿರುಗುತ್ತಿದ್ದವು.

"ಪಡುವಣ ಗಾಳಿ" ಎಂದ. "ಡಿಪೋದಿಂದ ಸೀದಾ ಪೂರ್ವಕ್ಕ ಹೊಂಟೈತಿ. ಕಾಲೇಜು ಆ ಕಡೆ. ಕಪ್ಪಾದ ಹಳ್ಳಿ ಆ ಕಡೆ. ಯಾರೂ ಬರಲಾರದ ದಾರಿ ಆ ಕಡೆ. ದ್ರಾಕ್ಷಾಯಣಿಯವರ, ಪರದಾ ಎತ್ರಿ."

"ಸುಳ್ಳಾಗಿದ್ರ?"

"ಸುಳ್ಳಾಗಿದ್ರ ಪರೀಕ್ಷಾ ರದ್ದಾಗತೈತಿ. ಮಂದಿ ನಮಗ ಬೈತಾರ. ಬೈಲಿ."

ಅವನಿಗೆ ಹೇಳುವುದು ಸುಲಭ ಎಂದು ಅವಳಿಗೆ ಸಿಟ್ಟು ಬಂತು. ಬೈಯುವ ಮಂದಿಯಲ್ಲಿ ಒಬ್ಬಳು ಅವಳ ಮನೆಯಲ್ಲೇ ಇರುತ್ತಾಳೆ, ಬೈಯುವುದೂ ಇಲ್ಲ, ನಾಳೆ ಸುಮ್ಮನೆ ಎದ್ದು ರೊಟ್ಟಿ ತಟ್ಟುತ್ತಾಳೆ. ಆ ಸುಮ್ಮನಿರುವಿಕೆಯನ್ನು ದ್ರಾಕ್ಷಾಯಣಿ ಎರಡು ಸಲ ನೋಡಿದ್ದಳು. ಮೂರನೆಯ ಸಲ, ಅದೂ ತನ್ನ ಕೈಯಿಂದಲೇ, ಒಂದು ಹೊಗೆಯ ಗಾಳಿಮಾತಿಗೆ!

ಕೇಂದ್ರದ ನಿರ್ದೇಶಕ ತಡಕೋಡರಿಗೆ ಫೋನ್ ಮಾಡಿದಳು. ಅವರು ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿದ್ದರು. "ಅಧಿಕಾರ ನಿಮಗ ಐತೆಲ್ಲ, ನೀವ ನೋಡಿ ಮಾಡ್ರಿ. ಆದ್ರ ಹೋದ ಸಲದಂಗ ಆಗಬಾರದು ನೋಡ್ರಿ ಮತ್ತ" ಎಂದರು. ದೊಡ್ಡ ಕುರ್ಚಿಯವರು ಹೀಗೆಯೇ ಮಾತಾಡುತ್ತಾರೆ. ಯಾವ ಕಡೆ ಬಿದ್ದರೂ ಅವರು ಎದ್ದೇ ಇರುತ್ತಾರೆ.

"ಜೀಪ ಬರಲಿ" ಎಂದಳು ದ್ರಾಕ್ಷಾಯಣಿ.

ಜೀಪು ಬರಲಿಲ್ಲ. ಹನ್ನೆರಡು ಹೊಡೆಯಿತು. ಇನ್ನೊಂದು ತಾಸು ತಾನೆ ಎಂದುಕೊಂಡಳು. ಕಾಯುತ್ತ ಹೋದಂತೆ ಎತ್ತುವುದು ಇನ್ನಷ್ಟು ಕಠಿಣವಾಯಿತು, ಯಾಕೆಂದರೆ ಈಗ ಎತ್ತಿದರೆ ಆಗಲೇ ಯಾಕೆ ಎತ್ತಲಿಲ್ಲ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ರಿಯಾಜ್ ಎರಡು ಸಲ ಪರದೆ ಎತ್ತುವ ಗುಂಡಿಯ ಕಡೆ ನೋಡಿದ. ಅದು ಅವಳ ಬೆರಳಿಗೆ ಮಾತ್ರ ಒಲಿಯುವ ಗುಂಡಿ. ಒಮ್ಮೆ ಅವಳು ಬೆರಳನ್ನು ಅದರ ಮೇಲೆ ಇಟ್ಟಳು ಕೂಡ. ಇಟ್ಟಾಗ ನೆನಪಾದದ್ದು ನಂದಾಳ ನಗು. ಬೆರಳು ತೆಗೆದಳು. ಆ ಹೊತ್ತಿನಲ್ಲಿ ಎತ್ತಿದ್ದರೂ ಕೆಲವರಾದರೂ ಉಳಿಯುತ್ತಿದ್ದರು ಎಂದು ಆಮೇಲೆ ವೈದ್ಯರು ಹೇಳಿದರು.

ಒಂದು ಗಂಟೆಗೆ ಸರಿಯಾಗಿ ಪರದೆ ತಾನಾಗಿಯೇ ಸರಿಯಿತು. ಯಂತ್ರ ಕೆರೆಮುಗಳಿಯನ್ನು ಕೂಗಿತು. ಊರು ಓ ಎಂದಿತು. ಒಂದು ಚುಕ್ಕೆ, ಹತ್ತು, ನೂರು, ಸಾವಿರ. ಕಾಲೇಜಿನ ಜಾಗ ದಟ್ಟ ಹಸಿರಾಯಿತು. "ಕೆರೆಮುಗಳಿ: ಪೂರ್ಣ ಚೇತರಿಕೆ" ಎಂದು ನಕ್ಷೆಯ ಮೇಲೆ ಅಕ್ಷರ ಮೂಡಿತು. ದ್ರಾಕ್ಷಾಯಣಿಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟಳು. ಅಳುತ್ತಲೇ ರಿಯಾಜನ ಕಡೆ ನೋಡಿ ನಕ್ಕಳು.

ನಂದಾಳಿಗೆ ಫೋನ್ ಹಚ್ಚಿದಳು. ರಿಂಗ್ ಆಯಿತು. ಪೂರಾ ಆಗಿ ನಿಂತಿತು. ಇನ್ನೊಮ್ಮೆ ಹಚ್ಚಿದಳು.

"ಸಾಲಿನ್ಯಾಗ ನಿಂತಿರಬೇಕು, ಬಿಲ್ಲೆ ಕೊಟ್ಟು ಇಸಗೊಳ್ಳಾಕ" ಎಂದಳು.

ರಿಯಾಜ್ ನಕ್ಷೆಯಲ್ಲಿ ಕಾಲೇಜನ್ನು ಹಿಗ್ಗಿಸಿ ನೋಡುತ್ತಿದ್ದ. ಹಸಿರೆಲ್ಲ ಒಂದೇ ಕೋಣೆಯಲ್ಲಿತ್ತು, ಮುಂದಿನ ಕೋಣೆಯಲ್ಲಿ. ಪರೀಕ್ಷೆ ಮುಗಿದರೆ ಚುಕ್ಕೆಗಳು ಇರುವೆಗಳ ಹಾಗೆ ಗೇಟಿನ ಕಡೆಗೆ, ಬಸ್‌ಸ್ಟ್ಯಾಂಡಿನ ಕಡೆಗೆ ಚೆದುರಬೇಕು. ಇವು ಚೆದುರಲಿಲ್ಲ. ಒಂದು ಕಾಲು, ಒಂದೂವರೆ. ಎಲ್ಲ ಫೋನುಗಳೂ ಯಂತ್ರ ಕೂಗಿದಾಗಲೆಲ್ಲ ಓ ಎನ್ನುತ್ತಿದ್ದವು. ಒಂದೂ ಅಲುಗಲಿಲ್ಲ.

ಅಷ್ಟರಲ್ಲಿ ಜಾಲಕ್ಕೆ ತಡವಾಗಿ ಮರಳಿದ ಡಿಪೋದ ಉಪಕರಣ ಮೂರು ತಾಸಿನಿಂದ ಒಳಗೇ ಹಿಡಿದಿಟ್ಟುಕೊಂಡಿದ್ದ ಸೋರಿಕೆಯ ಸುದ್ದಿಗಳೆಲ್ಲ ಒಂದರ ಹಿಂದೊಂದು ಬಂದು ಬಿದ್ದವು.

*

ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ದ್ರಾಕ್ಷಾಯಣಿ ಕೆರೆಮುಗಳಿಯ ಕಾಲೇಜು ಮುಟ್ಟಿದಾಗ ಬಿಸಿಲು ಇಳಿಯತೊಡಗಿತ್ತು. ಗಾಳಿ ತನ್ನ ಕೆಲಸ ಮುಗಿಸಿ ಊರನ್ನು ಬಿಟ್ಟು ಹೋಗಿತ್ತು. ಕಟುವಾಸನೆ ಮಾತ್ರ ಗೋಡೆಗಳಿಗೆ ಹಿಡಿದಿತ್ತು. ಗೇಟಿನ ಹೊರಗೆ ಆ ಪೊಲೀಸ್ ಜೀಪು ಬಾಗಿಲು ತೆರೆದು ನಿಂತಿತ್ತು. ಪರೀಕ್ಷಾ ಕೋಣೆಗಳ ಬೀಗಗಳು ಒಂದು ಗಂಟೆಗೆ ಒಂದು ಕ್ಷಣವೂ ತಪ್ಪದೆ ತೆರೆದುಕೊಂಡಿದ್ದವು. ಒಳಗಿನಿಂದ ಬಾಗಿಲಿಗೆ ಬೆಂಚು ಗುದ್ದಿದ ಗುರುತುಗಳಿದ್ದವು. ನಕಲು ತಡೆಯಲೆಂದು ಕಿಟಕಿಗಳಿಗೆ ತಗಡು ಬಡಿದಿದ್ದರು. ಗಾಳಿಗೆಂದು ಇಟ್ಟ ದೊಡ್ಡ ಕೂಲರುಗಳು ಹೊರಗಿನದನ್ನು ಒಳಗೆ ಎಳೆಯುತ್ತ ಇನ್ನೂ ತಿರುಗುತ್ತಿದ್ದವು. ಯಾರೋ ಅವನ್ನು ಈಗ ನಿಲ್ಲಿಸಿದರು.

ನಂದಾ ಮೂರನೆಯ ಕೋಣೆಯಲ್ಲಿ ಸಿಕ್ಕಳು. ಸೆರಗನ್ನು ಮುಖಕ್ಕೆ ಸುತ್ತಿಕೊಂಡಿದ್ದಳು. ಅದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಬಿಲ್ಲೆ ಅವಳ ಮುಷ್ಟಿಯಲ್ಲಿತ್ತು.

ನೇಮಕಾತಿ ಮಂಡಳಿ ಸಂಜೆಯೇ ಪ್ರಕಟಣೆ ಹೊರಡಿಸಿತು. ಘಟನೆಗೆ ತೀವ್ರ ವಿಷಾದ. ಆದರೆ ಜಾಲಮೌನ ಎಲ್ಲಿಯೂ ಮುರಿದಿಲ್ಲವಾದ್ದರಿಂದ ಪರೀಕ್ಷೆ ಸಿಂಧು.

ದ್ರಾಕ್ಷಾಯಣಿ ಬಿಲ್ಲೆ ಹಿಡಿದು ಮುಂದಿನ ಕೋಣೆಗೆ ಹೋದಳು. ಯಾಕೆ ಹೋದಳೆಂದು ಅವಳಿಗೂ ತಿಳಿಯದು. ಗೋಡೆಯುದ್ದಕ್ಕೂ ಮೊಳೆಗಳಿಗೆ ನೇತುಬಿಟ್ಟ ಬಟ್ಟೆಯ ಚೀಲಗಳು. ಎಲ್ಲ ಚೀಲಗಳೂ ರಿಂಗಾಗುತ್ತಿದ್ದವು. ಸುದ್ದಿ ತಿಳಿದ ಊರೂರುಗಳಿಂದ ಗಂಡಂದಿರು, ತಾಯಂದಿರು, ಗೆಳೆಯರು ಹಚ್ಚುತ್ತಲೇ ಇದ್ದರು. ಸಿನಿಮಾದ ಹಾಡು, ವಚನ, ಬಾಂಗು, ಕೋಳಿ ಕೂಗು, ಕೊಳಲು. ಒಂದು ನಿಂತರೆ ಇನ್ನೊಂದು. ರಿಂಗಾಗುವುದೆಂದರೆ ಜೀವಂತ ಇದ್ದಾರೆ ಎಂದೇ ಆ ಕಡೆಯವರ ಆಸೆ. ಅವರಿಗೆ 'ಸ್ವಿಚ್ ಆಫ್' ಎಂದಾದರೂ ಬಂದಿದ್ದರೆ ಅಷ್ಟು ಹೊತ್ತಿಗೆ ಎದೆ ಗಟ್ಟಿ ಮಾಡಿಕೊಳ್ಳುತ್ತಿದ್ದರು.

ಆ ಗದ್ದಲದ ನಡುವೆ ಒಂದು ಚೀಲ ಕೂಗುತ್ತಿತ್ತು. "ಅವ್ವಾ, ಓ ಅನ್ನು. ಅವ್ವಾ, ಓ ಅನ್ನು."

ದ್ರಾಕ್ಷಾಯಣಿ ಚೀಲ ಬಿಚ್ಚಿದಳು. ಶಿವಗಂಗಮ್ಮನ ನಂಬರು. ಮಗುವಿಗೆ ಅವ್ವನ ನಂಬರು ಬಾಯಿಪಾಠ, ಮುದುಕಿಯ ಫೋನು ಕಸಿದುಕೊಂಡು ಮಧ್ಯಾಹ್ನದಿಂದ ಒತ್ತುತ್ತಲೇ ಇರಬೇಕು. ದ್ರಾಕ್ಷಾಯಣಿ ಫೋನನ್ನು ಕಿವಿಗೆ ಹಿಡಿದಳು.

"ಅವ್ವಾ?" ಎಂದಿತು ಮಗು.

ಸುಮ್ಮನಿರಲು ದ್ರಾಕ್ಷಾಯಣಿಯಿಂದ ಆಗಲಿಲ್ಲ. ಅಂದು ಸುಮ್ಮನಿದ್ದದ್ದು ಸಾಕಾಗಿತ್ತು.

"ಓ" ಎಂದಳು. ಉದ್ದಕ್ಕೆ ಎಳೆದು, ಕೊನೆಯಲ್ಲಿ ಸ್ವಲ್ಪ ಮೇಲೇರಿಸಿದಳು.

"ಇದು ನಮ್ಮವ್ವನ ಓ ಅಲ್ಲ" ಎಂದಳು ಚಂದ್ರಿ.